ಗುರುವಾರದ ಫೋನು

ಹಾಲಿಸ್ ಕ್ವಾಮಿನಾ, ಐವತ್ತೆರಡು, ಕಾರುಗಳಿಗೆ ಬಣ್ಣ ಹೊಡೆಯುವವನು,
ಈ ವರ್ಷ ನಾಲ್ಕನೇ ಸಲ ಬಂದು ಮಲಗಿದ
ಸ್ಯಾನ್ ಫರ್ನಾಂಡೊ ಆಸ್ಪತ್ರೆಯ ಅದೇ ಕಿಟಕಿ ಪಕ್ಕದ ಹಾಸಿಗೆಯಲ್ಲಿ.
"ಬಾಡಿಗೆ ಎಷ್ಟಾಯ್ತು, ಸಿಸ್ಟರ್?" ಎಂದು ನಗಲು ಹೋಗಿ
ನಗುವಿಗೂ ಗಾಳಿ ಸಾಲದೆ ಸುಮ್ಮನಾದ.

ಹೊರಗೆ ಆಕಾಶ ತಿಕ್ಕದ ಹಿತ್ತಾಳೆ.
ಸಹಾರಾದ ಧೂಳು ಇಡೀ ಸಮುದ್ರ ದಾಟಿ ಬಂದು
ಟ್ರಿನಿಡಾಡಿನ ಒಣಹಾಕಿದ ಬಟ್ಟೆಗಳ ಮೇಲೆ,
ಹಾಲಿಸನ ಎದೆಯ ಸಂದಿಗೊಂದಿಗಳಲ್ಲಿ ಕೂತಿತ್ತು.

ಮೂರು ಸಲವೂ ಹಾಳೆ ಕೊಟ್ಟಿದ್ದೆ:
ಹಸಿರಿದ್ದರೆ ಹೀಗೆ, ಹಳದಿಯಾದರೆ ಹಾಗೆ, ಕೆಂಪಾದರೆ ಓಡಿ ಬಾ.
ತಲೆಯಾಡಿಸಿದ್ದ. ಟಿಕ್ ಹಾಕಿದ್ದೆ.
ಆ ಟಿಕ್ಕುಗಳೆಲ್ಲ ನನ್ನ ಫೈಲಿನಲ್ಲಿ ಆರೋಗ್ಯವಾಗಿವೆ.

ಈ ಸಲ ಕುರ್ಚಿ ಎಳೆದು ಕೂತೆ.
"ದಿನಾ ಹೇಗೆ ತಗೋತೀಯ, ತೋರಿಸು."
ಜೇಬಿನಿಂದ ಕಂದು ಪಂಪು ತೆಗೆದ,
ಕುಲುಕಿದ, ತುಟಿ ಬಿಗಿದು ಎಳೆದ,
ಹತ್ತೆಣಿಸುವ ತನಕ ಹಿಡಿದ.
ಒಂದು ತಪ್ಪಿಲ್ಲ.
ಕೈಗೆ ತಗೊಂಡೆ. ಹಗುರ. ತೀರಾ ಹಗುರ.
ಒಳಗೆ ಮದ್ದಿಲ್ಲ, ಬುಸ್ಸೆನ್ನುವ ಬರೀ ಗಾಳಿ;
ವಾರಗಟ್ಟಲೆ ಅದನ್ನೇ ಶ್ರದ್ಧೆಯಿಂದ ಸೇದಿದ್ದಾನೆ.
"ಸದ್ದು ಬರುತ್ತಲ್ಲ, ಸಿಸ್ಟರ್," ಎಂದ,
"ಸದ್ದು ಬಂದರೆ ಇದೆ ಅಂತ."

ಬೈಯಲಿಲ್ಲ. ಯಾರನ್ನು ಬೈಯಲಿ?
ಎದೆಯನ್ನು ಎಷ್ಟೊಂದು ಜನ ಆಲಿಸಿದ್ದೆವು,
ಡಬ್ಬಿಯನ್ನು ಒಬ್ಬರೂ ಎತ್ತಿ ನೋಡಿರಲಿಲ್ಲ.

ಹೊಸದರ ಮೇಲೆ ದಪ್ಪ ಶಾಯಿಯಲ್ಲಿ ಬರೆದೆ:
ಇನ್ನೂರು ಸಲ, ದಿನಕ್ಕೆ ನಾಲ್ಕು, ಐವತ್ತನೇ ದಿನಕ್ಕೆ ಖಾಲಿ.
ಗ್ಯಾರೇಜಿನ ಯಜಮಾನನಿಗೆ ಮುಖಗವಸಿನ ಮಾತು ಹೇಳಿದೆ.
"ನೋಡೋಣ" ಎಂದ. ಆ ನೋಡೋಣ
ಇನ್ನೂ ಅಲ್ಲೇ ಮೊಳೆಗೆ ನೇತಾಡುತ್ತಿದೆ.

ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವನ ನಂಬರು ಒತ್ತುತ್ತೇನೆ.
"ಊದಿದೆಯಾ? ಎಷ್ಟು?"
ಮುನ್ನೂರ ಹತ್ತು. ಮುನ್ನೂರ ನಲವತ್ತು.
ಒಮ್ಮೆ ಇನ್ನೂರ ಎಂಬತ್ತು,
"ಧೂಳು ಬಂತು. ಹಳದಿಯಲ್ಲಿ ಇದ್ದ ಹಾಗೇ ಮಾಡಿದೀನಿ.
ಹೆದರಬೇಡಿ ನೀವು."

ಮಾತಿಗಿಂತ ಹೆಚ್ಚು ನಾನು ಕೇಳುವುದು
ಅವನು ಎಲ್ಲೆಲ್ಲಿ ನಿಲ್ಲುತ್ತಾನೆ ಎಂದು.
ಮೊದಲು ಮೂರು ಪದಕ್ಕೊಂದು ನಿಲುಗಡೆ,
ಆಮೇಲೆ ಆರಕ್ಕೆ.

ಈ ಗುರುವಾರ ಮಗಳು ಕಾಲಿಸಳ ಮೇಲೆ ದೂರು:
ಹೊಸ ಗಂಡನಂತೆ, ಅವನ ನಾಯಿಯಂತೆ,
ಆ ನಾಯಿ ಸೋಫಾದ ಮೇಲೇ ಮಲಗುವುದಂತೆ, ಅದರ ಕೂದಲಂತೆ, ಯಾರೂ ಗುಡಿಸುವುದಿಲ್ಲವಂತೆ—
ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ನಾಯಿಯ ವಿಷಯ ಬರೆದುಕೊಂಡೆ.