ನಾಲ್ಕನೇ ಕೌಂಟರು

ತೂಕವೇ ಇಲ್ಲದ ಮಂಡಕ್ಕಿ ಮಾರಿ
ಇಪ್ಪತ್ತೆರಡು ವರ್ಷಕ್ಕೆ ಕೊಂಡೆ
ಸಿಮೆಂಟು ಕಬ್ಬಿಣದ ತೂಕದ ಮನೆ.
ಭಟ್ಟಿಯ ಹೊಗೆ ಇಲ್ಲಿಗೆ ಬರುವುದಿಲ್ಲ,
ಗೋಡೆಗೆ ಇನ್ನೂ ಹಸಿ ಬಣ್ಣದ ವಾಸನೆ.

ನೋಂದಣಿ ಆಗಿದೆ. ಬೀಗದಕೈ ಜುಬ್ಬಾದ ಜೇಬಲ್ಲಿದೆ.
ಆದರೆ ದಾವಣಗೆರೆ ಪಾಲಿಕೆಯ ಕಡತದಲ್ಲಿ
ಇದು ‘ಕಟ್ಟಡ, ನಿರ್ಮಾಣ ಹಂತದಲ್ಲಿ’.
ಓಸಿ ಬಂದಿಲ್ಲ.
ಅದಕ್ಕೇ ಕರೆಂಟು ತಾತ್ಕಾಲಿಕ, ನಲ್ಲಿ ಒಣ.
ಬಾಲ್ಕನಿ ನಕ್ಷೆಗಿಂತ ಎರಡೂವರೆ ಅಡಿ ಮುಂದೆ.
‘ಆಗ್ತೈತಿ ಬಿಡ್ರಿ ಸಾಬ್ರೆ, ಎಲ್ಲಾರ್ದೂ ಹಿಂಗಾ’
ಅಂತಾನೆ ಕಟ್ಟಿಸಿದ ಹಾಲಸ್ವಾಮಿ
ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ.
ಆ ಎರಡೂವರೆ ಅಡಿ ನೋಡಿಯೇ
ನನ್ನಾಕೆ ‘ಇದೇ ಮನೆ’ ಅಂದಿದ್ದಳು.

ಇಲ್ಲಿಗೆ ಬಂದಮೇಲೆ ಮೊಮ್ಮಗಳು ಹುಟ್ಟಿದಳು.
ಒಂದನೇ ಕೌಂಟರಿನಲ್ಲಿ ಮೂರೇ ದಿನಕ್ಕೆ
ಜನನ ಪತ್ರ: ಹೆಸರು ಸಫೂರಾ,
ವಿಳಾಸ ಇದೇ ಮನೆ, ಬಾಗಿಲ ನಂಬರು ಸಮೇತ.
ಅದನ್ನೇ ಹಿಡಿದು ನಾಲ್ಕನೇ ಕೌಂಟರಿಗೆ ಹೋದೆ.
ಅಲ್ಲಿಯ ಹುಡುಗಿ ಎರಡು ಸಲ ಓದಿದಳು,
ನಕ್ಕಳು, ಪಾಪ,
‘ಮನೆ ಇನ್ನೂ ಹುಟ್ಟಿಲ್ಲ, ಅಜ್ಜಾರೆ.’

ಇವತ್ತು ಅಳೆಯಲು ಬಂದಿದ್ದಾರೆ.
ಬಾಲ್ಕನಿಯಲ್ಲಿ, ಸರಿಯಾಗಿ ಆ ಎರಡೂವರೆ ಅಡಿಯಲ್ಲಿ,
ತೊಟ್ಟಿಲು.
ಇಂಜಿನಿಯರು ಟೇಪು ಹಿಡಿದು
ಮಗು ಏಳಲಿ ಅಂತ
ನಿಂತೇ ಇದ್ದಾರೆ.