ಬಣವೆ ಕಟ್ಟಿದ ದಿನ

ಗುತಿನ್ ಬೆಟ್ಟ ಬೆಳಿಗ್ಗೆಯೇ ಮೋಡದ ಮುಂಡಾಸು ಸುತ್ತಿಕೊಂಡಿತ್ತು.
"ಸಂಜೆಯೊಳಗೆ ಬರುತ್ತೆ" ಎಂದ ತೋದೆರ್.
ಏನು ಬರುತ್ತೆಂದು ಯಾರೂ ಕೇಳಲಿಲ್ಲ.
ಮೂರು ದಿನ ಕೊಯ್ದು, ಹರವಿ, ಮಗುಚಿ ಹಾಕಿದ ಹುಲ್ಲು
ಇಳಿಜಾರಿನುದ್ದಕ್ಕೂ ಬಿದ್ದಿತ್ತು,
ಕಾಡು ಪುದೀನದ ಘಮ, ಅದರಡಿ
ಹಳೇ ಕಂಬಳಿಯ ವಾಸನೆ.

ಪ್ಲಮ್ ಮರದ ಕೊಂಬೆಗೆ ಜೋಲಿ ಕಟ್ಟಿ
ಅನುತ್ಸಾಳನ್ನು ಮಲಗಿಸಿದೆ.
ಹಾಲುಂಡು ಬಿಗಿಮುಷ್ಟಿಯಲ್ಲೇ ನಿದ್ದೆಹೋದಳು,
ಕನಸಿನಲ್ಲಿ ಯಾರ ಜೊತೆ ಜಗಳವೋ.
ಸೊಂಟದ ಹಸುಕೊಂಬಿನಿಂದ ಸಾಣೆಕಲ್ಲು ತೆಗೆದ ತೋದೆರ್
ಅಂಚಿನಲ್ಲುಳಿದ ನಾಲ್ಕು ಸಾಲು ಕೊಯ್ದು ಬಂದ.
ನಾನು ಹಲುಬೆ ಎಳೆದು ರಾಶಿ ಮಾಡಿದೆ.

ನಡುವೆ ನೆಟ್ಟ ಕಂಬ. ಅದರ ಸುತ್ತ ತುಳಿಯುವವಳು ಪರಾಸ್ಕಾ.
ಏಳು ವರ್ಷ, ಎರಡು ಹಲ್ಲು ಕಡಿಮೆ.
ಅಪ್ಪ ಕವೆಗೋಲಲ್ಲಿ ಎಸೆದಷ್ಟನ್ನೂ ಬಾಚಿ ತಬ್ಬಿ
ಕಾಲಡಿ ಹಾಕಿ ತುಳಿಯುತ್ತಾಳೆ, ತುಳಿಯುತ್ತಾಳೆ,
ಒಂದೊಂದು ಸುತ್ತಿಗೂ ಒಂದೊಂದು ಗೇಣು ನಮ್ಮಿಂದ ದೂರ.
"ಅಂಚು ನೋಡೇ! ಅಂಚು ಸಡಿಲಾದರೆ ನೀರಿಳಿಯುತ್ತೆ!"
ನನ್ನಮ್ಮ ಕೂಗುತ್ತಿದ್ದದ್ದೂ ಇದನ್ನೇ, ಇದೇ ಗಂಟಲಲ್ಲಿ.

ಇನ್ನು ಗ್ರಿಗುತ್ಸ.
ನಾಲ್ಕು ವರ್ಷದ ಯಜಮಾನ.
ಹೊಲದ ಆ ತುದಿಯಿಂದ ಒಂದು ಹಿಡಿ ಹುಲ್ಲು,
ಒಂದೇ ಹಿಡಿ,
ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡದಂತೆ
ತುಳುಕದ ಹಾಗೆ ನಡೆದು ಬಂದು
ಬಣವೆಯತ್ತ ಎಸೆಯುತ್ತಾನೆ.
ಮತ್ತೆ ಹೋಗುತ್ತಾನೆ.
ದಾರಿಯಲ್ಲಿ ಮಿಡತೆ ಕಂಡರೆ ಅರ್ಧ ಗಂಟೆ ರಜೆ.
ಬೆವರಿಲ್ಲದ ಹಣೆಯನ್ನು ಅಪ್ಪನಂತೆಯೇ ಮೊಣಕೈಯಿಂದ ಒರೆಸಿಕೊಂಡು
"ಇವತ್ತು ಬಹಳ ಕೆಲಸ" ಎಂದು ನಾಯಿಗೆ ಹೇಳುತ್ತಾನೆ.

"ಅಮ್ಮಾ, ನಮ್ಮನೆ ಕಾಣುತ್ತೆ!"
ಮೇಲಿನಿಂದ ಪರಾಸ್ಕಾ.
"ಅಜ್ಜಿ ಬಟ್ಟೆ ಒಳಗೆ ತಂದೇ ಇಲ್ಲ!
ನದಿಯಾಚೆ ಯಾರೋ ಬಿಳಿ ಕುದುರೆ ಮೀಯಿಸ್ತಿದ್ದಾರೆ!
ಮಳೆ ಆಗಲೇ ಇಗರ್ಜಿ ದಾಟಿತು!"
ಆಮೇಲೆ ಯಾರೂ ಮಾತಾಡಲಿಲ್ಲ.
ಕವೆ, ಹಲುಬೆ, ಉಸಿರು.
ತುದಿಗೆ ಸೊಪ್ಪಿನ ಕೊಂಬೆ ಹೊದಿಸಿ ಹಗ್ಗ ಎಸೆದದ್ದೂ
ಮೊದಲ ಹನಿ ನನ್ನ ಕತ್ತಿಗೆ ಬಿದ್ದದ್ದೂ ಒಟ್ಟಿಗೆ.

ಹೋದ ವರ್ಷ ಜಾರಿ ಅಪ್ಪನ ತೋಳಿಗೇ ಬಿದ್ದಿದ್ದಳು.
ಈ ಸಲವೂ ತೋದೆರ್ ಕೈಚಾಚಿ ನಿಂತ.
"ಆಚೆ ಸರಿ ಅಪ್ಪ, ನಾನೇ ಇಳೀತೀನಿ."
ಇಳಿದಳು. ಅಂಗೈ ಸುಟ್ಟುಕೊಂಡು, ತೋರಿಸದೆ.
ಅವನ ತೋಳುಗಳು ಮಾತ್ರ ಇನ್ನೊಂದು ಗಳಿಗೆ
ಅಲ್ಲೇ ಗಾಳಿಯಲ್ಲಿ ಇದ್ದವು.

ಗಾಡಿಯಡಿಗೆ ಐವರೂ ನುಸುಳಿದೆವು, ನಾಯಿ ಸೇರಿ ಆರು.
ಜೋಳದ ಹಿಟ್ಟಿನ ತಣ್ಣನೆ ಮುದ್ದೆ, ಹುಳಿ ಹಾಲು,
ಚಕ್ರದ ಅರೆಗಳ ನಡುವೆ ಸುರಿಯುವ ಮಳೆ.
ಗ್ರಿಗುತ್ಸ ಉಣ್ಣಲೊಲ್ಲ.
"ನನ್ನ ಹುಲ್ಲು ಎಲ್ಲಿದೆ?"
"ನಟ್ಟನಡುವೆ," ತೋದೆರ್ ಎಂದ, "ಕಂಬದ ಬುಡದಲ್ಲಿ.
ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ವಾಲಿರುತ್ತಿತ್ತು."
ಪರಾಸ್ಕಾ ತಲೆಯೆತ್ತಿದಳು.
ಮೇಲೆ ನಿಂತು ಎಲ್ಲ ನೋಡಿದವಳು ಅವಳೇ:
ತಮ್ಮನ ಒಂದೊಂದು ಹಿಡಿಯನ್ನೂ
ಗಾಳಿ ಬೇಲಿಯಾಚೆ ಕೊಂಡೊಯ್ದದ್ದು.
ಬಾಯಿ ತೆರೆದಳು.
ನಾನು ಉಸಿರು ಬಿಗಿಹಿಡಿದೆ.
ಅವಳು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟುಕೊಂಡು
ಅಗಿದಳು, ಬಹಳ ಹೊತ್ತು ಅಗಿದಳು.

"ಜೋಯಾನಾಗೆ ಗೊತ್ತಾಗುತ್ತಾ, ತಿನ್ನುವಾಗ, ನನ್ನದು ಅಂತ?"
ಗುರುವಾರ ಹುಟ್ಟಿ ಆ ವಾರದ ಹೆಸರನ್ನೇ ಹೊತ್ತ ಹಸು,
ಕೊಟ್ಟಿಗೆಯಲ್ಲಿ ಈಗ ಯಾರ ಗೊಡವೆಯೂ ಇಲ್ಲದೆ ಮೆಲುಕುತ್ತಿರಬೇಕು.
"ಗೊತ್ತಾಗುತ್ತೆ ಕಣೋ," ಎಂದಳು ಪರಾಸ್ಕಾ,
"ನಿನ್ನದು ಸಿಹಿ."

ಜೋಲಿಯಿಂದ ತಂದ ಮಗು ನನ್ನ ಮಡಿಲು ಒದ್ದೆ ಮಾಡಿತು.
ಹೊರಗೆ ಬಣವೆ ಹೊಗೆಯಾಡುತ್ತ ನಿಂತಿತ್ತು,
ಸ್ವಲ್ಪ ಎಡಕ್ಕೆ ವಾಲಿ.