ತಳಕ್ಕೆ ಬಂದ ಬಂಗಾರ

ಕಂಚಗಾರ ಗಲ್ಲಿಯ ಅಂಗಡಿಗಳು ಕದ ತೆರೆಯುವ ಮುಂಚೆ
ಕುಲಸುಂಬಿ, ನಮ್ಮ ದಾದಿಮಾ, ಅಲ್ಲಿಯ ಕಸ ಕೊಳ್ಳುತ್ತಿದ್ದಳು.
ಹೌದು, ರೊಕ್ಕ ಕೊಟ್ಟೇ.
ಕುಲುಮೆಯ ಬೂದಿ, ಚಾಪೆಯ ಧೂಳು, ಗಟಾರದ ರಾಡಿ
ಬೋಗುಣಿಗೆ ಸುರಿದು, ಕುಲುಕಿ, ಚೆಲ್ಲಿ, ಮತ್ತೆ ಕುಲುಕಿ
ತಳದಲ್ಲಿ ಉಳಿದದ್ದು ಅವಳದು.
ಹತ್ತು ಬುಟ್ಟಿಗೆ ಒಂದು ಗುಂಜಿ, ಇಪ್ಪತ್ತಕ್ಕೆ ಎರಡು.
ಅವಳ ಲೆಕ್ಕದ ಗೆರೆ ಎಂದೂ ಬಾಗಲಿಲ್ಲ.

ನಾನು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುತ್ತೇನೆ
ಬಾಗುವ ಗೆರೆ ಹುಡುಕಿಕೊಂಡು.
ಕಿಟಕಿಯಿಲ್ಲದ ಕೋಣೆ, ಕಪ್ಪು ಪರದೆ,
ಅಂಗಡಿ ಮೇಡಂ ಸಾಲುಗಟ್ಟಲೆ ಅರ್ಜಿ ಬರೆದು ತರಿಸಿದ ಲೇಸರ್,
ಸೆಕೆಂಡಿಗೆ ಎಂಟು ಕೋಟಿ ಸಲ ಮಿಟುಕಿಯೂ
ಒಂದೇ ಸಮ ಉರಿದಂತೆ ಕಾಣುವುದು.
ದಿನವಿಡೀ ಹರಡಿದರೆ ಏನೂ ಮಾಡದ ಬೆಳಕು
ಒಂದು ಚಿಟಿಕೆ ಗಳಿಗೆಯೊಳಗೆ ಹಿಂಡಿ ಸುರಿದರೆ
ಎರಡು ಕೆಂಪು ಕೂಡಿ ಒಂದು ನೇರಳೆ.
ಇಮ್ಮಡಿ ಇಟ್ಟರೆ ನಾಲ್ಮಡಿ ವಾಪಸು,
ಯಾವ ಸರಾಫನೂ ಕೊಡದ ಬಡ್ಡಿ.

ಪುಸ್ತಕದಲ್ಲಿ ಹಾಗಿದೆ.

ಮಾಲಿಬ್ಡಿನಮ್ ಸಲ್ಫೈಡಿನ ಕರಿ ಹರಳು.
ಟೇಪಿಗೆ ಅಂಟಿಸಿ ಸುಲಿ, ಮಡಚಿ ಸುಲಿ, ಮತ್ತೂ ಸುಲಿ,
ಕಡೆಗೆ ಒಂದೇ ಪದರು ಸಿಗಬೇಕು, ಮೂರು ಪರಮಾಣು ದಪ್ಪ.
ಎರಡಾದರೆ ಕೆಟ್ಟಿತು:
ಒಂದರ ಮುಖ ಅತ್ತ, ಇನ್ನೊಂದರದು ಇತ್ತ,
ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ.
ಮೊಹರಮ್ಮಿನಿಂದ ರಮಜಾನಿನ ತನಕ
ನಾನು ಜೋಡಿ ಪದರುಗಳ ಮೌನ ಎಣಿಸಿದೆ.
ಒಂಟಿ ಪದರು ಸಿಕ್ಕ ದಿನ ಪರದೆಯ ಮೇಲೆ ನಲವತ್ತೊಂದು.
ಅದರಲ್ಲಿ ಬರೀ ಗದ್ದಲವೇ ಮೂವತ್ತೆಂಟು.

“ಬಂಗಾರ ಹಚ್ಚಿ ನೋಡು,” ಅಂದರು ಮೇಡಂ.

ಆಮ್ಲದಲ್ಲಿ ಬುರುಡೆ ತೊಳೆಯುವಾಗ ಎದ್ದ ಘಾಟು
ನಮ್ಮ ಹಿತ್ತಲ ತೇಜಾಬಿನದೇ. ಮೂಗು ಗುರುತು ಹಿಡಿಯಿತು,
ನಾನು ತುಸು ತಡವಾಗಿ.
ಬಂಗಾರದ ಲವಣ ಕುದಿಯಿತು, ಸಿಟ್ರೇಟು ಬಿತ್ತು,
ನೀರು ಮಂಕಾಗಿ, ಕಪ್ಪಿಟ್ಟು, ದಾಳಿಂಬೆ ರಸವಾಯಿತು.
ಪದರಿನ ಮೇಲೆ ಒಂದು ಹನಿ.
ಐವತ್ತು.

ಉಳಿದದ್ದನ್ನು ಸೀಸೆಯಲ್ಲಿ ಮನೆಗೆ ತಂದೆ.
“ಇದು ಬಂಗಾರ, ದಾದಿಮಾ.”
ಬಿಸಿಲಿಗೆ ಹಿಡಿದಳು, ಮೂಸಿದಳು, “ಶರಬತ್ತು” ಅಂದಳು.
ಅರವತ್ತು ವರ್ಷ ರಾಡಿಯಲ್ಲಿ ಬಂಗಾರ ಕಂಡ ಕಣ್ಣಿನೊಡನೆ
ಏನಂತ ವಾದಿಸಲಿ.
ಬೋಗುಣಿಗೆ ಸುರಿದೇಬಿಟ್ಟಳು. ಬೋರಿನ ನೀರು,
ರಾಡಿ ತಳ ಹಿಡಿಯಲೆಂದು ಯಾವತ್ತಿನ ರೂಢಿಯ ಉಪ್ಪು, ಒಂದು ಹಿಡಿ.
ಕುಲುಕಿದಳು.
ಕೆಂಪು ಹೋಗಿ ನೀಲಿ. ನೀಲಿ ಹೋಗಿ ಬೂದಿ.
ನಾನು ಚೀರಿದೆ.
“ಚೀರಬ್ಯಾಡ. ಒಂದೊಂದs ಇದ್ರ ತೇಲತಾವು.
ಕೂಡಿದ್ರ ತಳಕ್ಕ ಬರ್ತಾವು. ಈಗ ಅಂತೀನಿ ಬಂಗಾರ.”

ಆ ರಾತ್ರಿ ನೀಲಿ ಬಿಡಲಿಲ್ಲ.
ನೀಲಿ ಕಂಡಿತೆಂದರೆ ನುಂಗಿದ್ದು ಕೆಂಪನ್ನು.
ಒಂಟಿ ಕಣ ಹಸಿರಿಗೆ ಓಗೊಡುತ್ತದೆ,
ನಮ್ಮ ಲೇಸರು ಕರೆಯುವುದು ಕೆಂಪಿನ ಅಂಚಿನಿಂದ.
ಮೈಗೆ ಮೈ ತಾಗಿ ಕೂತ ಎರಡು ಕಣಗಳು,
ನಡುವಿನ ಕೂದಲು ತೂರದ ಸಂದು,
ಆ ಸಂದಿಗೆ ಬಿದ್ದ ಬೆಳಕಿಗೆ ಓಡಲು ಜಾಗವೇ ಇಲ್ಲ.

ಬೆಳಿಗ್ಗೆ ನವಲೂರಲ್ಲಿ ಬಸ್ಸು ನಿಂತಾಗ
ಪಕ್ಕದವಳ ಪ್ಯಾರಲ ಬುಟ್ಟಿ ನನ್ನ ಮೊಣಕಾಲಿಗೆ ಒತ್ತಿತ್ತು.
ಸರಿಸಿಕೊಳ್ಳಿ ಅನ್ನಲು ಮರೆತೆ.

ಉಪ್ಪು ತೂಗಿ ಹಾಕಿದೆ, ನೀಲಿ ಮೂಡುತ್ತಲೇ ಹನಿ ಬಿಟ್ಟೆ.
ಏಳು ಕಡೆ ನೋಡಿದೆ. ನಾಲ್ಕು ಕಡೆ ಹಿಂದಿನಂತೆ ಮಂಕು.
ಮೂರು ಕಡೆ ಎರಡು ಸಾವಿರ ದಾಟಿತು.
ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು
“ಮತ್ತ ಮಾಡು,” ಅಂದರು.

ಮಾಡುತ್ತಿದ್ದೇನೆ. ಬರಹದಲ್ಲಿ ಸೋಡಿಯಂ ಕ್ಲೋರೈಡ್ ಅಂತ ಹಾಕಿದೆ,
ಎಷ್ಟು ಅಂತಲೂ. ಯಾರ ಹಿಡಿ ಅಂತ ಕೇಳುವ ಅಂಕಣ ಇರಲಿಲ್ಲ.

ಮನೆಯ ಮಾಳಿಗೆಯ ಮೇಲೆ ಬೋಗುಣಿ ಇನ್ನೂ ಆರುತ್ತಿದೆ.
ಚೆಲ್ಲಲು ಬಿಡುವುದಿಲ್ಲ ಕುಲಸುಂಬಿ.
“ಎಷ್ಟ ಇದ್ದೀತು?” ಕೇಳಿದಳು.
ಗುಂಜಿಯಲ್ಲಿ ನೂರನೆಯ ಪಾಲೂ ಇಲ್ಲ, ಅಂದೆ.
ಕಾಗೆ ಕೂರದಂತೆ ಮೇಲೊಂದು ಜರಡಿ ಮುಚ್ಚಿದಳು.